ಬಟ್ಟಲಲ್ಲಿ ಉಳಿದದ್ದು

ನಮ್ಮ ಮನೆಯಲ್ಲಿ ಊಟ ಮುಗಿದ ಕೂಡಲೇ ತಟ್ಟೆ ಬಿಟ್ಟು ಎದ್ದುಬಿಡುವ ಹಾಗಿರಲಿಲ್ಲ. ತಟ್ಟೆಗೆ ಒಂದಿಷ್ಟು ನೀರು ಹಾಕಿ, ಬೆರಳಿನಿಂದ ಸುತ್ತಲೂ ತೊಳೆದು, ಆ ನೀರನ್ನು ಕುಡಿಯಬೇಕಿತ್ತು. ಸಾರಿನ ಬಣ್ಣ, ಮೆಂತ್ಯದ ಕಹಿ, ಮಜ್ಜಿಗೆಯ ಹುಳಿ ಎಲ್ಲ ಸೇರಿದ ಆ ನೀರು ಬಾಯಿಗೆ ಹಿತವಾಗಿರುತ್ತಿರಲಿಲ್ಲ. ಆದರೆ ಲಿಂಗಪೂಜೆ ಮಾಡಿ ಉಂಡದ್ದು ಪ್ರಸಾದ, ಪ್ರಸಾದದ ಒಂದಗುಳೂ ಉಳಿಯಬಾರದು ಎನ್ನುವುದು ಅಮ್ಮನ ಮಾತು. ಸುತ್ತಮುತ್ತಲಿನ ನಮ್ಮವರ ಮನೆಗಳಲ್ಲಿ ಈ ಪದ್ಧತಿ ಆಗಲೇ ಸಡಿಲವಾಗಿತ್ತು. ನಮ್ಮಲ್ಲಿ ಮಾತ್ರ ಅಮ್ಮ ಎಲ್ಲರ ತಟ್ಟೆಯನ್ನೂ ನೋಡುತ್ತಿದ್ದಳು. ತಟ್ಟೆಯಷ್ಟೇ ಅಲ್ಲ, ಪಾಯಸದ ಬಟ್ಟಲು, ತುಪ್ಪದ ಗಿಂಡಿ, ಚಟ್ನಿಯ ಒರಳು, ಯಾವುದರ ತಳದಲ್ಲೂ ಏನೂ ನಿಲ್ಲಬಾರದು. ನನಗೆ ಅಕ್ಷರ ಬರುವ ಮೊದಲೇ ಈ ಅಭ್ಯಾಸ ಕೈಗೆ ಬಂದಿತ್ತು. ಬಟ್ಟಲಲ್ಲಿ ಏನಾದರೂ ಉಳಿದದ್ದು ಕಂಡರೆ ನನ್ನ ಕೈ ತಾನಾಗಿಯೇ ಅದನ್ನು ಬಗ್ಗಿಸಿ ಖಾಲಿ ಮಾಡುತ್ತದೆ. ಅಕ್ಕ ಹೋಗಿ ಇಂದಿಗೆ ಇಪ್ಪತ್ತೆರಡು ದಿನ. ಅವಳ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೂತರೆ ಮೊದಲು ನೆನಪಾಗುವುದು ಈ ತಟ್ಟೆಯ ನೀರು. ಯಾಕೆಂದು ಹೇಳುತ್ತೇನೆ.

ಚಾಮರಾಜಪೇಟೆಯ ಆ ಮನೆ ದೊಡ್ಡದೇನಲ್ಲ. ರಸ್ತೆಗೆ ಅಂಟಿಕೊಂಡ ಜಗಲಿ, ಒಳಗೆ ಅಪ್ಪನ ಮಂಚವಿದ್ದ ಮುಂದಿನ ಕೋಣೆ, ಆಮೇಲೆ ನಡುಮನೆ, ಅದರ ಪಕ್ಕಕ್ಕೆ ಬಾಗಿಲಿಲ್ಲದ ಪೂಜೆಯ ಕೋಣೆ, ಹಿಂದೆ ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು ಮತ್ತು ಬೆಳಿಗ್ಗೆ ಮಾತ್ರ ಬರುತ್ತಿದ್ದ ನಲ್ಲಿ. ನಡುಮನೆಯ ನೆಲ ಕೆಂಪು ಗಾರೆಯದು, ಸುತ್ತ ಅಂಗೈ ಅಗಲದ ಕಪ್ಪು ಅಂಚು. ಮಧ್ಯಾಹ್ನ ಹೆಂಚಿನ ನಡುವಿನ ಗಾಜಿನಿಂದ ಒಂದು ಚೌಕ ಬಿಸಿಲು ಆ ನೆಲದ ಮೇಲೆ ಬಿದ್ದು, ಸಂಜೆಯ ಹೊತ್ತಿಗೆ ಗೋಡೆ ಹತ್ತಿ ಹೋಗುತ್ತಿತ್ತು. ಅಪ್ಪನಿಗೆ ಚಿಕ್ಕಪೇಟೆಯಲ್ಲಿ ರವಿಕೆ ಬಟ್ಟೆಯ ಮತ್ತು ಸೀರೆ ಅಂಚಿನ ಒಂದು ಸಣ್ಣ ಅಂಗಡಿ. ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದು, ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ಮನೆಯಲ್ಲಿ ಯಾರೂ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ನಾವು ಇಬ್ಬರೇ ಮಕ್ಕಳು. ಅಕ್ಕ ನೀಲ ನನಗಿಂತ ಆರು ವರ್ಷ ದೊಡ್ಡವಳು. ಗಣಿತದಲ್ಲಿ ಬಿ.ಎಸ್ಸಿ. ಮಾಡಿದವಳು. ನಾನು ಶಾಂತ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಕೂತು, ಎರಡು ಸಲವೂ ಗಣಿತದಲ್ಲಿ ಹೋದವಳು. ಶಾಲೆಯ ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ನನ್ನ ನಂಬರಿನ ಹಿಂದಿನದೂ ಇತ್ತು, ಮುಂದಿನದೂ ಇತ್ತು. ಎರಡನೆಯ ಸಲ ನಾನು ಆ ಎರಡು ನಂಬರುಗಳ ನಡುವಿನ ಜಾಗವನ್ನು ಬೆರಳಿಟ್ಟು ನೋಡಿದ್ದೆ, ಕಾಗದ ಮಡಚಿಕೊಂಡಿದೆಯೇನೋ ಎಂದು. ಆಮೇಲೆ ನಾನು ಮನೆಯಲ್ಲೇ ಉಳಿದೆ. ಶಾಂತು, ನೀರು ಹಿಡಿ. ಶಾಂತು, ಬೇಳೆ ಆರಿಸು. ಶಾಂತು, ಅಪ್ಪನ ಪಂಚೆ ಮಡಚಿಡು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು ಎಂಬ ಹೆಸರು ಬಂತು. ಆ ಹೆಸರು ನನಗೆ ಬೇಸರವಾಗಿರಲಿಲ್ಲ. ಅದರಲ್ಲಿ ಒಂದು ನೆಮ್ಮದಿಯಿತ್ತು.

ಅಕ್ಕ ಕೆಲಸಕ್ಕೆ ಸೇರಿದ ಕಚೇರಿಯಲ್ಲಿ ಆಗಷ್ಟೇ ಒಂದು ದೊಡ್ಡ ಕಂಪ್ಯೂಟರ್ ಬಂದಿತ್ತು. ಅದನ್ನು ನೋಡಿದವರು ನಮ್ಮ ಬೀದಿಯಲ್ಲಿ ಅವಳೊಬ್ಬಳೇ. ಮೊದಲು ಅವಳನ್ನು ತೆಗೆದುಕೊಂಡದ್ದು ಪಂಚಿಂಗ್ ವಿಭಾಗಕ್ಕೆ. ಬೇರೆಯವರು ಬರೆದುಕೊಟ್ಟದ್ದನ್ನು ಟೈಪಿನಂಥ ಒಂದು ಯಂತ್ರದಲ್ಲಿ ಕುಟ್ಟಿ, ರಟ್ಟಿನ ಕಾರ್ಡುಗಳಲ್ಲಿ ತೂತು ಬೀಳಿಸುವ ಕೆಲಸ. ಉದ್ದನೆಯ, ಕೆನೆಬಣ್ಣದ, ಒಂದು ಮೂಲೆ ಕತ್ತರಿಸಿದ ಆ ಕಾರ್ಡುಗಳಲ್ಲಿ ಕೆಟ್ಟುಹೋದವು ಕಟ್ಟುಕಟ್ಟಾಗಿ ನಮ್ಮ ಮನೆಗೆ ಬರುತ್ತಿದ್ದವು. ಅಪ್ಪ ಅವುಗಳಿಗೆ ಸೀರೆಯ ಅಂಚು ಸುತ್ತಿಡುತ್ತಿದ್ದರು. ಅಮ್ಮ ಅವುಗಳಿಂದ ಒಲೆಯ ಕೆಂಡಕ್ಕೆ ಗಾಳಿ ಬೀಸುತ್ತಿದ್ದಳು. ಯಂತ್ರವಿದ್ದ ಕೋಣೆ ಮಂಜಿನಷ್ಟು ತಣ್ಣಗಿರುತ್ತದೆಂದು ಅಕ್ಕ ಏಪ್ರಿಲ್ ಬಿಸಿಲಲ್ಲಿ ಕೈಯಲ್ಲಿ ಸ್ವೆಟರ್ ಹಿಡಿದು ಹೊರಡುತ್ತಿದ್ದಳು. ಎದುರುಮನೆಯ ಅಜ್ಜಿ ಜಗಲಿಯಿಂದಲೇ ಕೂಗುತ್ತಿದ್ದರು.

"ಏನೇ ನೀಲಾ, ದಿನಾ ಊಟಿಗೆ ಹೋಗ್ಬರ್ತೀಯಾ? ನನಗೂ ಒಂದು ಕ್ಯಾರೆಟ್ ತಗೊಂಡ್ಬಾರೇ!"

ಕುಟ್ಟುತ್ತ ಕುಟ್ಟುತ್ತ ಅಕ್ಕ ತಾನು ಕುಟ್ಟುತ್ತಿರುವುದು ಏನೆಂದು ಓದಲು ಶುರುಮಾಡಿದಳು. ಬರೆದುಕೊಟ್ಟವರ ತಪ್ಪುಗಳನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ ಕಳಿಸತೊಡಗಿದಳು. ಮೊದಲು ಬೈಸಿಕೊಂಡಳು. ಆಮೇಲೆ ಅವಳನ್ನು ಮೇಲಿನ ಮಹಡಿಗೆ ಕರೆದರು. ಯಂತ್ರಕ್ಕೆ ಏನು ಮಾಡಬೇಕೆಂದು ಹೆಜ್ಜೆಹೆಜ್ಜೆಯಾಗಿ ಬರೆಯುವ, ಪ್ರೋಗ್ರಾಮ್ ಬರೆಯುವ ವಿಭಾಗ ಅದು. ಅಲ್ಲಿ ಎಲ್ಲರೂ ಗಂಡಸರು. ಅಲ್ಲಿನ ಹಿರಿಯ ಸಾಹೇಬರು ಹೇಳಿದ ಮಾತನ್ನು ಅಕ್ಕ ಆ ಸಂಜೆ ಅವರ ದನಿಯಲ್ಲೇ ಆಡಿ ತೋರಿಸಿದ್ದಳು.

"ಆರು ತಿಂಗಳು ನೋಡ್ತೀನಮ್ಮಾ. ಒಂದು ಪ್ರೋಗ್ರಾಮ್ ಕೊಡ್ತೀನಿ. ಸರಿ ಬಂತು, ಇಲ್ಲೇ ಇರಿ. ಬರ್ಲಿಲ್ಲ, ಕೆಳಗಡೆ ನಿಮ್ಮ ಕುರ್ಚಿ ಹಾಗೇ ಇರುತ್ತೆ, ಯಾರೂ ಕೂತಿರಲ್ಲ."

ಅಂದು ಊಟಕ್ಕೆ ಕೂತಾಗ ಅಪ್ಪ ಅವಳನ್ನು ಕೆಣಕಿದರು. ಅವರಿಗೆ ಒಳಗೊಳಗೆ ಹೆಮ್ಮೆ. ಹೆಮ್ಮೆಯಾದಾಗಲೆಲ್ಲ ಅವರು ಯಾರನ್ನಾದರೂ ಕೆಣಕುತ್ತಿದ್ದರು.

"ಅಲ್ಲಮ್ಮಾ, ಅಷ್ಟು ದೊಡ್ಡ ಮಿಷನ್ನು. ಅದಕ್ಕೇ ಎಲ್ಲಾ ಗೊತ್ತಿರುತ್ತೆ. ನೀನೇನು ಹೇಳ್ಕೊಡೋದು ಅದಕ್ಕೆ?"

"ಅದಕ್ಕೇನೂ ಗೊತ್ತಿಲ್ಲಪ್ಪ. ಒಂದಾದ್ಮೇಲೊಂದು ಹೇಳ್ಬೇಕು. ಹೇಳಿದ್ದಷ್ಟೇ ಮಾಡುತ್ತೆ. ಹೇಳ್ಲಿಲ್ಲಾಂದ್ರೆ ಸುಮ್ನೆ ಕೂತಿರುತ್ತೆ."

"ಓ, ನಮ್ಮ ಶಾಂತು ಥರ ಅನ್ನು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಕ್ಕ ಮಾತ್ರ ಅರ್ಧ ನಗು ನಿಲ್ಲಿಸಿ, ತಟ್ಟೆಯ ನೀರು ಕೈಯಲ್ಲಿ ಹಿಡಿದೇ ನನ್ನನ್ನು ನೋಡಿದಳು. ಮಾರನೆಯ ಸಂಜೆ ಅವಳು ಮನೆಗೆ ಬಂದವಳೇ ಸೆರಗು ಸಿಕ್ಕಿಸಿ, ಅಡುಗೆಮನೆಯ ಗೂಡಿನಿಂದ ಹಿತ್ತಾಳೆ ಬಟ್ಟಲುಗಳನ್ನೂ ಒಂದು ತಟ್ಟೆಯನ್ನೂ ತಂದು ನಡುಮನೆಯ ಕಪ್ಪು ಅಂಚಿನ ಮೇಲೆ ಸಾಲಾಗಿ ಇಟ್ಟಳು. ಚೌಕಾಬಾರಕ್ಕೆಂದು ಇಟ್ಟಿದ್ದ ಹುಣಿಸೆಬೀಜದ ಡಬ್ಬಿಯನ್ನು ನನ್ನ ಮುಂದೆ ಸುರಿದಳು.

"ಶಾಂತು, ನೀನೀಗ ಕಂಪ್ಯೂಟರು. ನಾನು ಓದ್ತೀನಿ, ನೀನು ಮಾಡು. ಯೋಚನೆ ಮಾಡ್ಬೇಡ. ನಾನು ‘ನಿಲ್ಲು’ ಅನ್ನೋವರ್ಗೂ ಏಳ್ಬೇಡ."

ಆಟವೆಂದುಕೊಂಡೆ. ಆಟವಲ್ಲ. ಕಚೇರಿಯ ಯಂತ್ರದ ಮೇಲೆ ಅವಳ ಸರದಿ ಬರುವುದು ತಿಂಗಳಿಗೊಮ್ಮೆಯೋ ಏನೋ. ದೊಡ್ಡವರ ಕೆಲಸಗಳೆಲ್ಲ ಮುಗಿದ ಮೇಲೆ, ಬೆಳಗಿನ ಜಾವದಲ್ಲಿ ಸ್ವಲ್ಪ ಹೊತ್ತು. ಅದರೊಳಗೆ ತಪ್ಪು ಹುಡುಕಲು ಸಮಯವಿಲ್ಲ. ಹಾಗಾಗಿ ಬರೆದವರು ತಾವೇ ಯಂತ್ರವಾಗಿ ಕಾಗದದ ಮೇಲೆ ಒಂದೊಂದೇ ಹೆಜ್ಜೆ ನಡೆಸಿ ನೋಡಿಕೊಳ್ಳಬೇಕಿತ್ತು. ಆದರೆ ಬರೆದವಳಿಗೆ ತನ್ನ ಮನಸ್ಸಿನಲ್ಲಿರುವುದು ಗೊತ್ತಿರುತ್ತದೆ, ಕೈ ಅದನ್ನೇ ಮಾಡಿಬಿಡುತ್ತದೆ, ತಪ್ಪು ಕಾಣುವುದಿಲ್ಲ ಎನ್ನುತ್ತಿದ್ದಳು ಅಕ್ಕ. ಏನೂ ಗೊತ್ತಿಲ್ಲದ ಒಬ್ಬರು ಬೇಕು. ಆ ಕೆಲಸಕ್ಕೆ ಮನೆಯಲ್ಲಿ ನಾನಿದ್ದೆ.

ಅವಳಿಗೆ ಕೊಟ್ಟಿದ್ದು ಪರೀಕ್ಷೆಯ ಫಲಿತಾಂಶದ ಪ್ರೋಗ್ರಾಮ್. ಪಾಸಾದ ಪ್ರತಿಯೊಂದು ಮಗುವಿಗೂ ಒಂದು ಕಾರ್ಡು, ಶಾಲೆಯ ಪ್ರಕಾರ ಜೋಡಿಸಿಟ್ಟದ್ದು. ಯಂತ್ರ ಒಂದೊಂದೇ ಕಾರ್ಡು ಓದಿ, ಒಂದು ಶಾಲೆಯ ಮಕ್ಕಳ ನಂಬರುಗಳನ್ನೆಲ್ಲ ಕೂಡಿಟ್ಟುಕೊಂಡು, ಆ ಶಾಲೆಯ ಪಟ್ಟಿಯನ್ನು ಒಟ್ಟಿಗೆ ಅಚ್ಚು ಹಾಕಬೇಕು. ನಮ್ಮ ನಡುಮನೆಯಲ್ಲಿ ಹಳೆಯ ಕಾರ್ಡುಗಳ ಹಿಂಬದಿಯಲ್ಲಿ ಪೆನ್ಸಿಲಿನಿಂದ ಶಾಲೆಯ ಸಂಖ್ಯೆ ಬರೆದು ಒಂದು ಸಣ್ಣ ಕಟ್ಟು ಮಾಡಿದ್ದಳು. ಮೂರು ಶಾಲೆ, ಹನ್ನೊಂದು ಕಾರ್ಡು. ಒಂದು ಹುಣಿಸೆಬೀಜವೆಂದರೆ ಒಂದು ಮಗು. ಬಟ್ಟಲೆಂದರೆ ಯಂತ್ರದ ನೆನಪು, ತಟ್ಟೆಯೆಂದರೆ ಅಚ್ಚಾಗುವ ಕಾಗದ. ಮೊದಲ ಶಾಲೆಯ ಸಂಖ್ಯೆ ಬರೆದ ಚೀಟಿಯನ್ನು ಮೊದಲೇ ನನ್ನ ಎಡಗಡೆ ಇಟ್ಟಿರುತ್ತಿದ್ದಳು. ಆಮೇಲೆ ಗೋಡೆಗೊರಗಿ, ಕಣ್ಣು ಕಾಗದದ ಮೇಲಿಟ್ಟು, ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ಆ ಮಾತುಗಳು ನನಗೆ ಈಗಲೂ ಬಾಯಿಪಾಠ.

"ಕಾರ್ಡು ತಗೋ. ಕಾರ್ಡಿಲ್ಲಾಂದ್ರೆ ನಿಲ್ಲು. ಚೀಟೀಲಿರೋ ಶಾಲೇನೇನಾ? ಹೌದಾದ್ರೆ ಬಟ್ಟಲಿಗೆ ಒಂದು ಬೀಜ ಹಾಕು. ಬೇರೆ ಶಾಲೆ ಆದ್ರೆ ಬಟ್ಟಲು ತಟ್ಟೆಗೆ ಸುರಿ, ಚೀಟಿ ಬದಲಾಯ್ಸು, ಆಮೇಲೆ ಬೀಜ ಹಾಕು. ಮತ್ತೆ ಮೊದಲಿಂದ."

ಆ ಆರು ತಿಂಗಳು ನನ್ನ ಬದುಕಿನ ಬೆಳಕಿನ ಕಾಲ ಎಂದರೆ ನಗಬಾರದು. ಸಂಜೆ ದೀಪ ಹಚ್ಚುವ ಮೊದಲು, ಚೌಕ ಬಿಸಿಲು ಗೋಡೆ ಹತ್ತುವಾಗ, ನಾವಿಬ್ಬರೂ ಎದುರುಬದುರು ಕೂರುತ್ತಿದ್ದೆವು. ಮೊದಮೊದಲು ಅವಳ ಬರಹದಲ್ಲಿ ತಪ್ಪುಗಳಿರುತ್ತಿದ್ದವು, ನನ್ನ ಕೈ ಅವುಗಳನ್ನು ತೋರಿಸಿಕೊಡುತ್ತಿತ್ತು. ಒಂದು ದಿನ ಅವಳು ಚೀಟಿ ಬದಲಾಯಿಸು ಎನ್ನುವುದನ್ನೇ ಮರೆತಿದ್ದಳು. ನಾನು ಪ್ರತಿ ಬೀಜಕ್ಕೂ ಬಟ್ಟಲು ಸುರಿಯುತ್ತಾ, ಸುರಿಯುತ್ತಾ ಹೋದೆ. ಅಕ್ಕ ಹೊಟ್ಟೆ ಹಿಡಿದು ನಕ್ಕಳು.

"ಅಯ್ಯೋ ನನ್ನ ಬಂಗಾರದ ಮಿಷನ್ನೇ! ಸಾಹೇಬರ ಮಿಷನ್ನಿಗಿಂತ ನೀನೇ ವಾಸಿ ಕಣೇ. ನಿನಗೆ ಕರೆಂಟೂ ಬೇಡ."

ಒಮ್ಮೆ ಅರ್ಧದಲ್ಲಿ ಅಮ್ಮ ಅವಳನ್ನು ಹಿತ್ತಲಿಗೆ ಕರೆದಳು. ಅಲ್ಲಿ ಇಬ್ಬರಿಗೂ ಜಗಳ. ಬೆಳಗಿನ ಜಾವ ಯಂತ್ರದ ಸರದಿಗೆ ಓಡುವಾಗ ಪೂಜೆ ಮಾಡಿಕೊಳ್ಳದೆ, ಏನೂ ತಿನ್ನದೆ ಹೋಗುತ್ತೀಯ, ಮುಖ ಒಣಗಿಹೋಗಿದೆ ಎಂದು ಅಮ್ಮ. ಅಲ್ಲೇ ಕಚೇರಿಯ ನಲ್ಲಿಯಲ್ಲಿ ಕೈತೊಳೆದು ಪೂಜೆ ಮಾಡಿಕೊಳ್ಳುತ್ತೇನೆ ಎಂದು ಅಕ್ಕ. ಜಗಳ ಮುಗಿಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಅವಳು ಒಳಗೆ ಬಂದಾಗ ನಾನು ಒಂದು ಬೀಜವನ್ನು ಎರಡು ಬೆರಳಲ್ಲಿ ಹಿಡಿದು ಹಾಗೆಯೇ ಕೂತಿದ್ದೆ. ಕಾಲು ಜೋಮು ಹಿಡಿದಿತ್ತು.

"ಇನ್ನೂ ಕೂತಿದೀಯೇನೇ ಹುಚ್ಚೀ!"

"ನೀನು ನಿಲ್ಲು ಅನ್ಲಿಲ್ವಲ್ಲ."

ಅವಳು ನನ್ನ ಪಾದಗಳನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಜೋಮು ಬಿಡುವ ತನಕ ಉಜ್ಜಿದಳು.

ಬೀಜ ಹಾಕುವ ಬಟ್ಟಲು ಯಾವುದೆಂದು ತಿಳಿಯಲು ಅಕ್ಕ ಅದರ ಹೊರಗೆ ಕಂಪಾಸಿನ ಮೊನೆಯಿಂದ ಒಂದು ಗುರುತು ಗೀಚಿದ್ದಕ್ಕೆ ಅಮ್ಮ ಎರಡು ದಿನ ಮಾತು ಬಿಟ್ಟಿದ್ದಳು. ಅದು ಅವಳ ತವರಿನ ಬಟ್ಟಲು. ಆದರೂ ಬಟ್ಟಲು ಕೊಡುವುದನ್ನು ನಿಲ್ಲಿಸಲಿಲ್ಲ. ನಾವು ಎದ್ದ ಮೇಲೆ ಅವಳೇ ಬಂದು ಬಟ್ಟಲೊಳಗೆ ಬೀಜ ಉಳಿದಿದೆಯೇ ಎಂದು ಬಗ್ಗಿ ನೋಡಿ, ತೊಳೆದಿಡುತ್ತಿದ್ದಳು. ಯಾವತ್ತೂ ಉಳಿದಿರುತ್ತಿರಲಿಲ್ಲ.

ಇಡೀ ಪ್ರೋಗ್ರಾಮನ್ನು ಮೊದಲಿಂದ ಕೊನೆಯ ತನಕ ಓಡಿಸಿ ನೋಡಲು ಆರನೆಯ ತಿಂಗಳಲ್ಲಷ್ಟೇ ಅಕ್ಕನಿಗೆ ಯಂತ್ರದ ಮೇಲೆ ಎರಡು ಸಲ ಸಮಯ ಕೊಟ್ಟರು. ಒಂದು ಸಲ ಕಾಗದ ಸಿಕ್ಕಿಹಾಕಿಕೊಂಡಿತು. ಇನ್ನೊಂದು ಸಲ ಅರ್ಧ ಅಚ್ಚಾಗುವಷ್ಟರಲ್ಲಿ ಕರೆಂಟು ಹೋಯಿತು. ಅಚ್ಚಾದಷ್ಟೂ ಸರಿಯಾಗಿತ್ತು. ಮೂರನೆಯ ಸಲ ಕೇಳಲು ಹೋದರೆ, ಇನ್ನು ಪರೀಕ್ಷೆ ಮಾಡುವುದೇನೂ ಇಲ್ಲ, ಫಲಿತಾಂಶದ ದಿನ ಬಂತು ಎಂದರಂತೆ. ಅಂದು ಸಂಜೆ ಅವಳು ಬಟ್ಟಲುಗಳನ್ನು ಇಟ್ಟು ನಾಲ್ಕು ಸಲ ಓದಿದಳು. ನಾಲ್ಕು ಸಲವೂ ಸರಿ ಬಂತು. ಮೂರು ಶಾಲೆ, ತಟ್ಟೆಯಲ್ಲಿ ಮೂರು ಗುಂಪು, ಹನ್ನೊಂದು ಬೀಜ. ಅವಳು ಕಾಗದವನ್ನು ಮಡಚಿ ಹಣೆಗೊತ್ತಿಕೊಂಡಳು. "ಸಾಕು, ಮನೆ ಮಿಷನ್ ಒಪ್ಕೊಂಡಿದೆ" ಎಂದಳು.

ಫಲಿತಾಂಶ ಬಂದ ದಿನ ಅಕ್ಕ ಸಂಜೆ ತಡವಾಗಿ ಬಂದಳು. ಚಪ್ಪಲಿ ಬಿಟ್ಟು, ಕಾಲು ತೊಳೆಯದೆ, ಸ್ವೆಟರ್ ಹಾಕಿಕೊಂಡೇ ನಡುಮನೆಯಲ್ಲಿ ಕೂತಳು. ಅಮ್ಮ ಕಾಫಿ ತಂದಿಟ್ಟಳು. ಅದು ಆರಿತು. ಅಪ್ಪ ಅಂಗಡಿಯಿಂದ ಬಂದು ಎರಡು ಸಲ ಕೇಳಿದ ಮೇಲೆ ಹೇಳಿದಳು. ಎಲ್ಲ ಶಾಲೆಗಳ ಪಟ್ಟಿಯೂ ಬಂದಿದೆ. ಕಟ್ಟಿನಲ್ಲಿ ಕೊನೆಯದಾಗಿದ್ದ ಒಂದು ಶಾಲೆಯದು ಬಂದಿಲ್ಲ. ಒಂದು ಹೆಣ್ಣುಮಕ್ಕಳ ಶಾಲೆ. ಯಾರೂ ಗಮನಿಸದೆ ಪಟ್ಟಿಗಳನ್ನು ಕಚೇರಿಯ ಗೋಡೆಗೆ ಅಂಟಿಸಿಬಿಟ್ಟಿದ್ದಾರೆ. ಆ ಹುಡುಗಿಯರು ಬೆಳಿಗ್ಗೆಯಿಂದ ಬಂದು ನೋಡಿ, ಇಡೀ ಶಾಲೆಗೆ ಶಾಲೆಯೇ ಫೇಲಾಗಿದೆ ಎಂದುಕೊಂಡು ಅಳುತ್ತಾ ಹೋಗಿದ್ದಾರೆ. ಮಧ್ಯಾಹ್ನ ಅವರ ಹೆಡ್‌ಮಿಸ್ ಬಂದು ಸಾಹೇಬರ ಕೋಣೆಯಲ್ಲಿ ಕೂಗಾಡಿದಾಗಲೇ ಗೊತ್ತಾದದ್ದು. ಒಬ್ಬಳು ಹುಡುಗಿ ಮನೆಗೆ ಹೋಗಿರಲಿಲ್ಲ. ಸಂಜೆ ಅವಳು ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಸಿಕ್ಕಿದಳಂತೆ. ಅವಳು ಸಿಕ್ಕ ಸುದ್ದಿ ಬರುವವರೆಗೂ ಅಕ್ಕ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು.

ಪಟ್ಟಿಯ ಮುಂದೆ ನಿಂತು, ಇಲ್ಲದ ನಂಬರಿನ ಜಾಗದಲ್ಲಿ ಬೆರಳಿಡುವುದು ಹೇಗಿರುತ್ತದೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೆ ಅದು ನನ್ನಿಂದಲೇ ಆದದ್ದು ಎಂದು ಇನ್ನೂ ತಿಳಿದಿರಲಿಲ್ಲ.

"ಮನೇಲಿ ಸರಿ ಬಂತಲ್ವೇನೇ ಶಾಂತು?" ಅಕ್ಕ ಕೇಳಿದಳು. "ನಾಲ್ಕು ಸಲ ಬಂತಲ್ವಾ? ಬಾ, ಕೂತ್ಕೋ. ಇನ್ನೊಂದ್ಸಲ ನೋಡೋಣ."

ಬಟ್ಟಲುಗಳನ್ನು ಇಟ್ಟೆವು. ಅವಳು ಓದಿದಳು. ಈ ಸಲ ಕಾಗದ ಅವಳ ಮಡಿಲಲ್ಲೇ ಇತ್ತು. ಅವಳ ಕಣ್ಣು ನನ್ನ ಕೈ ಮೇಲೆ. ಮೊದಲ ಶಾಲೆ ಮುಗಿಯಿತು, ಸುರಿದೆ. ಎರಡನೆಯದು ಮುಗಿಯಿತು, ಸುರಿದೆ. ಮೂರನೆಯ ಶಾಲೆಯ ನಾಲ್ಕು ಬೀಜ ಬಟ್ಟಲಿಗೆ ಬಿದ್ದವು. ಕಾರ್ಡು ಮುಗಿಯಿತು. "ಕಾರ್ಡಿಲ್ಲಾಂದ್ರೆ ನಿಲ್ಲು" ಎಂದಳು. ನಾನು ಬಟ್ಟಲನ್ನು ಎತ್ತಿ ತಟ್ಟೆಗೆ ಬಗ್ಗಿಸಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಇದನ್ನ ಯಾರು ಹೇಳಿದ್ರು?"

"ಯಾವ್ದನ್ನ?"

"ಸುರಿ ಅಂತ ಯಾರು ಹೇಳಿದ್ರು ಶಾಂತು? ನಾನು ನಿಲ್ಲು ಅಂದೆ."

"ಉಳಿದಿತ್ತಲ್ಲ ಅಕ್ಕ."

ಅವಳ ಹಿಡಿತ ಬಿಗಿಯಾಯಿತು, ಬಳೆ ಒತ್ತಿತು.

"ಪ್ರತಿ ಸಲಾನೂ ಹೀಗೇ ಮಾಡ್ತಿದ್ಯಾ?"

"ಹೂಂ. ಬಟ್ಟಲಲ್ಲಿ ಹೆಂಗೆ ಬಿಡೋದು?"

ಆಗ ನನಗೂ ಅರ್ಥವಾಯಿತು. ಮುಂದಿನ ಶಾಲೆಯ ಕಾರ್ಡು ಬಂದಾಗಲೇ ಹಿಂದಿನ ಶಾಲೆಯ ಪಟ್ಟಿ ಅಚ್ಚಾಗುವುದು. ಕೊನೆಯ ಶಾಲೆಯ ಮುಂದೆ ಯಾವ ಶಾಲೆಯೂ ಇಲ್ಲ. ಆ ಮಕ್ಕಳು ಬಟ್ಟಲಲ್ಲೇ ಉಳಿಯುತ್ತಾರೆ. ಕಚೇರಿಯ ಯಂತ್ರ ಹೇಳಿದ ಹಾಗೆ ನಿಂತಿತ್ತು. ಅದಕ್ಕೆ ಅಮ್ಮ ಇರಲಿಲ್ಲ. ನಾನು ಮಾತ್ರ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು, ಪ್ರತಿ ಸಂಜೆಯೂ ನಿಲ್ಲುವ ಮೊದಲು ಬಟ್ಟಲು ಖಾಲಿ ಮಾಡಿದ್ದೆ. ಅಕ್ಕನ ಕಣ್ಣು ಕಾಗದದ ಮೇಲಿರುತ್ತಿತ್ತು, ಅವಳು ನೋಡಿರಲಿಲ್ಲ. ನೋಡುವ ಅಗತ್ಯವಿದೆ ಎಂದು ಅವಳಿಗೆ ಅನ್ನಿಸಿರಲಿಲ್ಲ. ಅಷ್ಟು ನಂಬಿದ್ದಳು.

ಅವಳು ಕೈ ಬಿಟ್ಟಳು. ಒಂದೇ ಮಾತು ಆಡಿದಳು.

"ನಾನು ನಿನ್ನನ್ನ ಮಿಷನ್ ಅಂದ್ಕೊಂಡ್ಬಿಟ್ಟಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಅಮ್ಮ ಪೂಜೆಯ ಕೋಣೆಯ ಹೊಸ್ತಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ಸಂಜೆ ಅವಳು ಯಾರ ತಟ್ಟೆಯನ್ನೂ ನೋಡಲಿಲ್ಲ.

ಅಕ್ಕನನ್ನು ಕೆಳಗಿನ ಮಹಡಿಗೆ ಕಳಿಸಿದರು. ಕುರ್ಚಿ ಹಾಗೆಯೇ ಇತ್ತಂತೆ. ಯಾಕೆ ಹೀಗಾಯಿತು ಎಂದು ಸಾಹೇಬರು ಕೇಳಿದಾಗ, ನಾನು ಸರಿಯಾಗಿ ಪರೀಕ್ಷಿಸಲಿಲ್ಲ ಎಂದಷ್ಟೇ ಹೇಳಿದ್ದಳು. ಮನೆಯಲ್ಲಿ ತಂಗಿಯೊಬ್ಬಳಿದ್ದಾಳೆ ಎನ್ನಲಿಲ್ಲ. ಮತ್ತೆ ದಿನವಿಡೀ ಕುಟ್ಟುವ ಕೆಲಸ. ಕೆಟ್ಟ ಕಾರ್ಡುಗಳ ಕಟ್ಟು ಮತ್ತೆ ಮನೆಗೆ ಬರತೊಡಗಿತು. ನಾನು ಅವಳ ಎದುರಿಗೆ ಬರದ ಹಾಗೆ ಕೆಲಸ ಹಚ್ಚಿಕೊಂಡೆ. ಅವಳು ಹಿತ್ತಲಲ್ಲಿದ್ದರೆ ಮುಂದಿನ ಕೋಣೆ ಗುಡಿಸುತ್ತಿದ್ದೆ, ನಡುಮನೆಗೆ ಬಂದರೆ ನಲ್ಲಿಯ ಹತ್ತಿರ ಹೋಗುತ್ತಿದ್ದೆ.

ಕೆಲವು ವಾರಗಳ ಮೇಲೆ ಒಂದು ಸಂಜೆ ಬಟ್ಟಲಿನ ಸದ್ದು ಕೇಳಿತು. ನಡುಮನೆಯಲ್ಲಿ ಅಕ್ಕ ಅವುಗಳನ್ನು ಮೊದಲಿನ ಹಾಗೆಯೇ ಕಪ್ಪು ಅಂಚಿನ ಮೇಲೆ ಇಡುತ್ತಿದ್ದಳು.

"ಬಾ ಶಾಂತು. ಹೊಸದೊಂದು ಬರ್ದಿದೀನಿ. ಯಾರೂ ಕೇಳಿಲ್ಲ, ನಾನೇ ಬರ್ದೆ."

ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತೆ.

"ನನ್ನ ಕೈಲಿ ಆಗಲ್ಲಕ್ಕ."

"ಆಗುತ್ತೆ ಬಾರೇ. ಇಲ್ಲಿ ಕೇಳು. ನಾನು ಎಷ್ಟು ದಿನದಿಂದ ಅದನ್ನೇ ಯೋಚನೆ ಮಾಡ್ತಿದೀನಿ ಗೊತ್ತಾ? ಆ ಕೊನೇ ಬಟ್ಟಲು ಸುರೀಬೇಕು ಅಂತ ನನಗೆ ಹೊಳೀಲಿಲ್ಲ. ಮೇಲಿರೋ ಅಷ್ಟೂ ಜನ ಗಂಡಸರು ಓದಿದ್ರು, ಅವರಿಗೂ ಹೊಳೀಲಿಲ್ಲ. ನಿನಗೆ ಗೊತ್ತಾಯ್ತು. ಯಾರೂ ಹೇಳ್ದೆ ಗೊತ್ತಾಯ್ತು."

"ಗೊತ್ತಾಗಿದ್ದಲ್ಲ. ಕೈ ಹಂಗೇ ಮಾಡ್ತು."

"ಇರ್ಲಿ. ಗಣಿತ ಮತ್ತೆ ಕಟ್ಟು, ನಾನು ಹೇಳ್ಕೊಡ್ತೀನಿ. ಪಾಸ್ ಮಾಡ್ಕೋ. ಆಮೇಲೆ ನಮ್ಮಲ್ಲೇ ಒಂದು ಪರೀಕ್ಷೆ ಇಡ್ತಾರೆ, ಅದಕ್ಕೆ ಕೂತ್ಕೋ. ನಾವಿಬ್ರೂ ಸ್ವೆಟರ್ ಹಾಕ್ಕೊಂಡು ಊಟಿಗೆ ಹೋಗೋಣ."

ಅವಳು ನಕ್ಕು ಕೈಚಾಚಿದಳು. ನನಗೆ ಕಂಡದ್ದು ಆ ಕೈಯಲ್ಲ, ಸ್ಟೇಷನ್ನಿನ ಬೆಂಚಿನ ಮೇಲೆ ಕೂತ ಹುಡುಗಿ. ಬೇಡ ಅಕ್ಕ, ಒಲೆ ಮೇಲೆ ಹಾಲಿದೆ ಎಂದು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ಅವಳು ಮೂರು ಸಂಜೆ ಹಾಗೆಯೇ ಬಟ್ಟಲುಗಳನ್ನಿಟ್ಟು ಕಾದಳು, ಕರೆಯಲಿಲ್ಲ. ನಾಲ್ಕನೆಯ ಸಂಜೆ ಬೀಜಗಳನ್ನು ಡಬ್ಬಿಗೆ ತುಂಬಿದಳು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡು, ಪೆನ್ಸಿಲ್ ಹಿಡಿದು, ಒಬ್ಬಳೇ ತುಟಿಯಾಡಿಸುತ್ತಾ ಕೂರತೊಡಗಿದಳು. ನಾನು ಬೇಳೆ ಆರಿಸುತ್ತಾ ಆ ತುಟಿಗಳನ್ನು ನೋಡುತ್ತಿದ್ದೆ. ಅವಳು ಏನು ಓದುತ್ತಿದ್ದಾಳೆಂದು ನನಗೆ ತಿಳಿಯುತ್ತಿತ್ತು. ಒಮ್ಮೊಮ್ಮೆ ಎಲ್ಲಿ ತಪ್ಪಿದಳೆಂದೂ ತಿಳಿಯುತ್ತಿತ್ತು. ಹೇಳಲಿಲ್ಲ.

ಎರಡು ವರ್ಷದ ಮೇಲೆ ಅವಳನ್ನು ಮತ್ತೆ ಮೇಲೆ ಕರೆದರು. ಆ ಯಂತ್ರ ಹೋಗಿ ಬೇರೆ ಬಂತು, ಕಾರ್ಡುಗಳು ಹೋದವು, ಅಕ್ಕ ಉಳಿದಳು. ಸಾಹೇಬರ ಕೋಣೆಯಲ್ಲಿ ಮುಂದೊಂದು ದಿನ ಅವಳೇ ಕೂತಳು. ನನಗೆ ಶೇಷಾದ್ರಿಪುರದ ಒಂದು ಮನೆಗೆ ಮದುವೆಯಾಯಿತು. ಅಲ್ಲಿಯೂ ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಸೊಸೆ ಎನ್ನಿಸಿಕೊಂಡೆ. ಯಜಮಾನರು ಹೋದ ಮೇಲೆ ಅಕ್ಕ ನನ್ನನ್ನು ಹಳೆಯ ಮನೆಗೇ ಕರೆದುಕೊಂಡಳು. ಅವಳು ಮದುವೆಯಾಗಿರಲಿಲ್ಲ. ಅದೇ ನಡುಮನೆಯಲ್ಲಿ ನಾವಿಬ್ಬರೇ ಹನ್ನೊಂದು ವರ್ಷ ಉಂಡೆವು, ತಟ್ಟೆ ತೊಳೆದು ಕುಡಿದೆವು. ಆ ಮಾತು ಮಾತ್ರ ಎತ್ತಲಿಲ್ಲ. ಅವಳು ಎತ್ತಲಿ ಎಂದು ನಾನು, ನಾನು ಎತ್ತಲಿ ಎಂದು ಅವಳು, ಹಾಗೆಯೇ ಇದ್ದೆವೇನೋ.

ಅವಳು ಹೋದ ಮೇಲಿನ ಶಿವಗಣಾರಾಧನೆಯ ಊಟದ ದಿನ ಅವಳ ಕೈಕೆಳಗೆ ಕಲಿತವರು ಬಹಳ ಜನ ಬಂದಿದ್ದರು. ತಲೆ ನರೆತ ಒಬ್ಬರು ಎಲೆಯ ಮುಂದೆ ಕೂತು ಪಾಯಸದ ಬಟ್ಟಲನ್ನು ನೋಡುತ್ತಾ ನನಗೆ ಹೇಳಿದರು.

"ಮೇಡಂ ನಮ್ಮ ಪ್ರೋಗ್ರಾಮ್ ನೋಡುವಾಗ ಯಾವಾಗ್ಲೂ ಮೊದಲು ಒಂದೇ ಕೇಳೋರಮ್ಮಾ. ‘ಕೊನೇ ಬಟ್ಟಲು ಖಾಲಿ ಮಾಡಿದ್ಯೇನಪ್ಪಾ?’ ಅಂತ. ಆಫೀಸಲ್ಲಿ ಎಲ್ರೂ ಹಂಗೇ ಅನ್ನೋಕೆ ಶುರುಮಾಡಿದ್ವಿ. ಯಾವ ಬಟ್ಟಲು ಮೇಡಂ ಅಂತ ಒಂದ್ಸಲ ಕೇಳಿದ್ದಕ್ಕೆ, ‘ಅದನ್ನ ಕಂಡುಹಿಡ್ದವಳು ನಮ್ಮನೇಲಿದಾಳೆ’ ಅಂದ್ರು. ಯಾರಮ್ಮಾ ಅದು?"

ನಾನು ಅವರಿಗೆ ಇನ್ನೊಂದು ಸೌಟು ಪಾಯಸ ಬಡಿಸಿದೆ.

ಮಾರನೆಯ ಮಧ್ಯಾಹ್ನ ಬಂದವರೆಲ್ಲ ಹೋಗಿದ್ದರು. ಗೂಡಿನ ಹಿಂದುಗಡೆಯಿಂದ ಅಮ್ಮನ ತವರಿನ ಬಟ್ಟಲು ತೆಗೆದೆ. ಕಂಪಾಸಿನ ಗುರುತು ಬೆರಳಿಗೆ ಸಿಕ್ಕಿತು. ಹನ್ನೊಂದು ಕಾಗದದ ತುಂಡುಗಳ ಮೇಲೆ ಶಾಲೆಯ ಸಂಖ್ಯೆ ಬರೆದೆ, ಹುಣಿಸೆಹಣ್ಣು ಕಿವುಚಿ ಬೀಜ ತೆಗೆದು ತೊಳೆದೆ. ನೆಲದ ಮೇಲೆ ಕೂರಲು ಮೊಣಕಾಲು ಬಿಡಲಿಲ್ಲ, ಗೋಡೆ ಹಿಡಿದು ಮೆಲ್ಲಗೆ ಕೂತೆ. ಅಕ್ಕ ಒರಗುತ್ತಿದ್ದ ಗೋಡೆಯ ಕಡೆ ಮುಖ ಮಾಡಿ, ಅವಳು ಓದುತ್ತಿದ್ದ ಹಾಗೆ ನಾನೇ ಹೇಳಿಕೊಂಡೆ, ನಾನೇ ಮಾಡಿದೆ. ಮೊದಲ ಶಾಲೆ ಮುಗಿಯಿತು, ಸುರಿದೆ. ಎರಡನೆಯದು ಮುಗಿಯಿತು, ಸುರಿದೆ. ಕೊನೆಯ ಕಾರ್ಡು ತೆಗೆದು ಬೀಜ ಹಾಕಿದೆ. ಇನ್ನು ಕಾರ್ಡಿರಲಿಲ್ಲ. ಕೈ ತಾನಾಗಿಯೇ ಬಟ್ಟಲಿನ ಕಡೆ ಹೋಯಿತು. ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದು ಮಡಿಲಲ್ಲಿಟ್ಟುಕೊಂಡೆ.

ಬಟ್ಟಲಲ್ಲಿ ನಾಲ್ಕು ಬೀಜ ಉಳಿದವು. ಅಕ್ಕ ನೋಡಬೇಕಾಗಿದ್ದದ್ದು ಇದನ್ನೇ. ಬಿಸಿಲು ಗೋಡೆ ಹತ್ತುವ ತನಕ ಕೂತೆ. ನಿಲ್ಲು ಎಂದು ಯಾರೂ ಹೇಳಲಿಲ್ಲ. ಕೊನೆಗೆ ಗೋಡೆ ಹಿಡಿದು ನಾನೇ ಎದ್ದೆ. ಬಟ್ಟಲು ಈಗಲೂ ಕಪ್ಪು ಅಂಚಿನ ಮೇಲೇ ಇದೆ. ಕಸ ಗುಡಿಸುವಾಗ ಅದರ ಸುತ್ತ ಗುಡಿಸುತ್ತೇನೆ.